ವಚನ ವಾಙ್ಮಯದ ಅಳಿವು-ಉಳಿವು

ಮಠಗಳ ಮಹೋತ್ಸವ ಕಾಲದಲ್ಲಿ ಗತವೈಭವವನ್ನು ನೆನೆಯುವದು ಲೋಕರೂಢಿಯಾಗಿದೆ. ಎತ್ತಿಸಿದ ಕಟ್ಟಡಗಳನ್ನೂ ನಡೆಯಿಸಿದ ದಾಸೋಹಗಳನ್ನೂ ಪಡೆದ ಮನ್ನಣೆಗಳನ್ನೂ ಎಣಿಸಿ ಸದ್ಭಕ್ತರು ಹಿಗ್ಗುವದರಲ್ಲಿ ದೋಷವೇನೂ ಇಲ್ಲ. ಆದರೆ ಗೆಲವಿನ ಎಣಿಕೆಯಷ್ಟರಿಂದಲೇ ಇತಿಹಾಸವು ಪೂರ್ಣವಾಗಲಾರದು. ವ್ಯಾಪಾರಿಯು ತನ್ನ ಕಿರ್ದಿಯಲ್ಲಿ ಜಮೆಯ ಬದಿಗೇ ಖರ್ಚನ್ನೂ ಬರೆದಿಡುವಂತೆ, ಸಮಾಜವೂ ತನ್ನ ಹಾನಿಗಳನ್ನು ಬರೆದಿಟ್ಟುಕೊಳ್ಳಬೇಕಾಗುವದು. ನಮ್ಮ ಪೂರ್ವಿಕರು ತಮಗೆ ಪ್ರಾಪ್ತವಾದ ಅತ್ಯಮೂಲ್ಯ ನಿಧಿಯಾದ ವಚನ ವಾಙ್ಮಯವನ್ನು ಎರಡು ಸಲ ಕಳೆದುಕೊಳ್ಳುವ ಅಂಚಿಗೆ ಬಂದು, ಎರಡು ಸಲವೂ ಉಳಿಸಿಕೊಂಡರು. ಆ ಎರಡು ಹಾನಿಗಳ ಕಾರಣಗಳು ಬೇರೆ ಬೇರೆ. ಆದುದರಿಂದ ಅವು ಕಲಿಸುವ ಪಾಠಗಳೂ ಬೇರೆ. ಅವನ್ನು ಈ ಶುಭಸಂದರ್ಭದಲ್ಲಿ ಭಕ್ತಮಹಾಜನರ ಮುಂದೆ ಸಂಕ್ಷೇಪವಾಗಿ ನಿವೇದಿಸುವದೇ ಈ ಲೇಖನದ ಉದ್ದೇಶವು.

ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಕಳಚೂರ್ಯ ಬಿಜ್ಜಳನು ಕಲ್ಯಾಣದಲ್ಲಿ ಆಳುತ್ತಿರಲು, ಅವನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತಲೂ ನಾನಾ ದೇಶಗಳಿಂದ, ನಾನಾ ಕಾಯಕಗಳಿಂದ ಬಂದ ಶರಣರು ನೆರೆದರು. ದೋಣಿ ನಡೆಯಿಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಕಟ್ಟಿಗೆ ಮಾರುವ ಮಾರಯ್ಯ, ಅಕ್ಕಿಯನ್ನು ಆಯ್ದು ತರುವ ಮಾರಯ್ಯನ ಪತ್ನಿ ಲಕ್ಕಮ್ಮ ಮೊದಲಾದವರು ಅರಸನ ಸಭೆಯ ಪಂಡಿತರಿಗೂ ನಿಲುಕದ ಅನುಭಾವವನ್ನು ಮನೆಮಾತಿನ ಕನ್ನಡದಲ್ಲಿ ನುಡಿದರು. ಆದರೆ ಆ ಬೆಳಕು ಬಹುಕಾಲ ಅಲ್ಲಿ ನಿಲ್ಲಲಿಲ್ಲ. ಕ್ರಿ. ಶ. 1167ರ ಸುಮಾರಿಗೆ ಬಿಜ್ಜಳನ ಅಂತ್ಯವಾಗಿ ಕಲ್ಯಾಣವು ಕಲಹಕ್ಕೆ ಒಳಗಾಯಿತು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರೆಂದೂ, ಚನ್ನಬಸವಣ್ಣನವರು ಶರಣಸಮೂಹದೊಡನೆ ಪಡುವಣ ಕಾಡುದಾರಿ ಹಿಡಿದು ಉಳವಿಗೆ ಸೇರಿದರೆಂದೂ, ಮಡಿವಾಳ ಮಾಚಯ್ಯನವರು ಬೆನ್ನಟ್ಟಿ ಬಂದ ದಂಡನ್ನು ತಡೆದರೆಂದೂ ಪರಂಪರೆಯು ಹೇಳುತ್ತ ಬಂದಿದೆ.

ಈ ಚದುರುವಿಕೆಯಲ್ಲಿ ಏನೇನು ಹೋಯಿತೆಂಬದನ್ನು ಇಂದು ಅಳೆಯಲಾಗದು. ಶರಣರು ತಮ್ಮ ಕೈಯಾರೆ ಬರೆದ ಓಲೆಯೊಂದೂ ನಮಗೆ ದೊರೆತಿಲ್ಲವೆಂಬದನ್ನು ನೆನೆದರೆ ಹಾನಿಯ ಗಾತ್ರವು ಅಂದಾಜಿಗೆ ಬರುವದು. ಒಂದು ಮಹತ್ಕಾರ್ಯವು ಒಂದೇ ಪಟ್ಟಣದಲ್ಲಿ, ಒಬ್ಬನೇ ಅರಸನ ನೆರಳಿನಲ್ಲಿ ಬೆಳೆದಿತ್ತು. ಆ ಪಟ್ಟಣವು ಕಲಕಲು ಅದರ ಸಂಪತ್ತೆಲ್ಲವೂ ಗಾಳಿಗೆ ಸಿಕ್ಕ ತರಗೆಲೆಯಂತಾಯಿತು. ಉಳಿದಷ್ಟು ವಚನಗಳು ಶರಣರ ನಾಲಗೆಯ ಮೇಲೂ, ಹಾಡುವವರ ಕಂಠದಲ್ಲಿಯೂ, ಅಲ್ಲೊಂದು ಇಲ್ಲೊಂದು ಕಟ್ಟಿನಲ್ಲಿಯೂ ಉಳಿದವು. ಮುಂದೆ ಹರಿಹರನು ರಗಳೆಗಳಲ್ಲಿ, ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ, 1369ರಲ್ಲಿ ಭೀಮಕವಿಯು ಕನ್ನಡ ಬಸವಪುರಾಣದಲ್ಲಿ ಶರಣರ ಚರಿತೆಯನ್ನು ಉಳಿಸಿಕೊಟ್ಟರು. ಚರಿತೆಯು ಉಳಿಯಿತು, ನುಡಿಗಳು ಮಾತ್ರ ಇನ್ನೂ ಚದುರಿಯೇ ಇದ್ದವು.

ಆ ನುಡಿಗಳನ್ನು ಕೂಡಿಸುವ ಕಾರ್ಯವು ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ (1424-1446) ಹುರುಪಿನಿಂದ ನಡೆಯಿತು. ದಂಡನಾಯಕನಾಗಿದ್ದ ಲಕ್ಕಣ್ಣ ದಂಡೇಶನು ಶಿವತತ್ವಚಿಂತಾಮಣಿಯನ್ನು ರಚಿಸಿದನು. ಜಕ್ಕಣಾರ್ಯ, ಮಹಲಿಂಗದೇವ ಮೊದಲಾದವರು ವಚನಗಳನ್ನು ಸ್ಥಲಗಳ ಕ್ರಮಕ್ಕೆ ತಂದರು. ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿಬಿಡಿಯಾಗಿ ಬಿದ್ದಿದ್ದ ವಚನಗಳನ್ನು ಆಯ್ದು, ಪ್ರಭುದೇವರೊಡನೆ ಶರಣರು ನಡೆಯಿಸಿದ ಸಂವಾದದ ರೂಪದಲ್ಲಿ ಹೊಂದಿಸಿ ಶೂನ್ಯಸಂಪಾದನೆಯನ್ನು ಕಟ್ಟಿದರು. ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ಇವರು ಅದೇ ಗ್ರಂಥವನ್ನು ಒಬ್ಬರಾದ ಮೇಲೊಬ್ಬರು ತಿದ್ದಿ ಬೆಳೆಯಿಸಿದರು. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳೂ ಅವರ ಶಿಷ್ಯ ವಿರಕ್ತರೂ ಊರಿಂದೂರಿಗೆ ಸಂಚರಿಸಿ ವಚನಾರ್ಥವನ್ನು ಬೋಧಿಸಿದರು. ಅವರು ಹೋದಲ್ಲೆಲ್ಲ ವಿರಕ್ತಮಠಗಳು ಎದ್ದವು, ಮಠಗಳಲ್ಲಿ ಪ್ರತಿಗಳು ಆದವು.

ಇಲ್ಲಿಯೇ ಮೊದಲನೆಯ ಪಾಠದ ಫಲವು ಕಾಣಬರುವದು. 1565ರಲ್ಲಿ ರಕ್ಕಸಗಿ-ತಂಗಡಿಯ ಯುದ್ಧವಾಗಿ ವಿಜಯನಗರವೂ ಹಾಳಾಯಿತು. ಕಲ್ಯಾಣದ ಕೇಡಿಗಿಂತ ಅದು ಕಿರಿದೇನೂ ಆಗಿರಲಿಲ್ಲ. ಆದರೂ ಈ ಸಲ ವಚನಗಳು ಪಟ್ಟಣದೊಡನೆ ಚದುರಿಹೋಗಲಿಲ್ಲ. ಯಾಕಂದರೆ ಅವು ಆಗ ಒಂದು ರಾಜಧಾನಿಯ ಸೊತ್ತಾಗಿರದೆ, ಹೆಸರು ಕೂಡ ಕೇಳದ ಹಳ್ಳಿಗಳ ಮಠಗಳಲ್ಲಿ, ಒಕ್ಕಲಿಗರ ಜಗಲಿಯ ಮೇಲೆ, ಬಣಜಿಗರ ಪೆಟ್ಟಿಗೆಗಳಲ್ಲಿ ಹಂಚಿಹೋಗಿದ್ದವು. ಅರಸುತನವು ಅಳಿಯಿತು; ಓಲೆಯ ಕಟ್ಟುಗಳು ಉಳಿದವು. ಹಿಂದಿನ ಕೇಡಿನಿಂದ ಪೂರ್ವಿಕರು ಕಲಿತದ್ದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿಯು ಬೇಕಾಗಲಾರದು.

ಎರಡನೆಯ ಹಾನಿಯು ಇಷ್ಟು ಸದ್ದು ಮಾಡಿ ಬರಲಿಲ್ಲ. ಅದು ದಂಡಿನಿಂದ ಬಂದುದಲ್ಲ. ನಮ್ಮ ಮನೆಯೊಳಗಿನಿಂದಲೇ ಬಂದಿತು. ತಾಳೆಗರಿಯ ಮೇಲೆ ಕಂಟದಿಂದ ಕೊರೆದು, ಕಾಡಿಗೆ ತೀಡಿ, ಎರಡು ಹಲಗೆಗಳ ನಡುವೆ ದಾರ ಪೋಣಿಸಿ ಕಟ್ಟಿದ ಗ್ರಂಥಕ್ಕೆ ಆಯುಷ್ಯವು ಮಿತವಾದದ್ದು. ಆಗಾಗ್ಗೆ ಬಿಚ್ಚಿ ಗಾಳಿಯಾಡಿಸಬೇಕು, ಎಣ್ಣೆ ಸವರಬೇಕು, ಗರಿ ಮುಪ್ಪಾಗುವದರೊಳಗಾಗಿ ಹೊಸ ಪ್ರತಿಯನ್ನು ಮಾಡಿಕೊಳ್ಳಬೇಕು. ಓದುವವರಿದ್ದಾಗ ಇದೆಲ್ಲವೂ ತಾನಾಗಿಯೇ ನಡೆಯುತ್ತಿತ್ತು. ಓದು ನಿಂತಿತು, ಪೂಜೆಯು ಉಳಿಯಿತು. ಕಟ್ಟುಗಳಿಗೆ ರೇಶಿಮೆಯ ವಸ್ತ್ರ ಸುತ್ತಿ, ಭಸ್ಮ ಧರಿಸಿ, ಪತ್ರೆ-ಪುಷ್ಪ ಏರಿಸಿ, ಕೈ ಮುಗಿದು ಮರಳಿ ಕತ್ತಲೆಯ ಕೋಣೆಯಲ್ಲಿ ಇಡಹತ್ತಿದರು. ಬಿಚ್ಚಿದರೆ ಮೈಲಿಗೆಯೆಂಬ ಭಯ, ಪರರಿಗೆ ತೋರಿಸಿದರೆ ಹೋದೀತೆಂಬ ಲೋಭ ಇವೆರಡೂ ಕೂಡಿದವು. ಗೆದ್ದಲಿಗೆ ಮಾತ್ರ ಈ ಮಡಿಯು ತಡೆಯಾಗಲಿಲ್ಲ. ಮುರಿದ ಗರಿಗಳನ್ನು ಭಕ್ತಿಯಿಂದಲೇ ಹೊಳೆಗೆ ಬಿಟ್ಟವರೂ ಉಂಟು. ಯಾವ ನುಡಿಗಳು ಹೊಲೆ-ಸೂತಕಗಳ ಅಂಜಿಕೆಯನ್ನು ಬಿಡಿಸಲು ಹುಟ್ಟಿದ್ದವೋ ಅವನ್ನೇ ಆ ಅಂಜಿಕೆಯಿಂದ ನಾವು ಮುಚ್ಚಿಟ್ಟೆವು. ಕಲ್ಯಾಣದ ಹಾನಿಯನ್ನು ಅನ್ಯರ ಮೇಲೆ ಹೊರಿಸಬಹುದು. ಈ ಹಾನಿಗೆ ನಮ್ಮ ಭಕ್ತಿಯ ಆಲಸ್ಯವೇ ಹೊಣೆಯೆಂದು ಒಪ್ಪಿಕೊಳ್ಳಬೇಕಾಗುವದು.

ಈ ಕತ್ತಲೆಯ ಕೋಣೆಗಳ ಬಾಗಿಲನ್ನು ತಟ್ಟಿದವರಲ್ಲಿ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅಗ್ರಗಣ್ಯರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಾಯಿದೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಿಜಾಪುರದಲ್ಲಿ ವಕೀಲಿ ನಡೆಯಿಸುತ್ತಿದ್ದ ಇವರು, ರಬಕವಿ-ಬನಹಟ್ಟಿಗಳ ಕಡೆಯ ಮನೆಗಳಲ್ಲಿ ಓಲೆಕಟ್ಟುಗಳನ್ನು ಕಂಡ ಮೇಲೆ ಅವುಗಳ ಬೆನ್ನು ಬಿಡಲಿಲ್ಲ. ಊರೂರು ಅಲೆದು, ಬೇಡಿ, ಕಾಡಿ ಕಟ್ಟುಗಳನ್ನು ಬಿಚ್ಚಿಸಿ ಪ್ರತಿ ಮಾಡಿಕೊಂಡರು. ಪದಗಳ ನಡುವೆ ಬಿಡುವಿಲ್ಲದೆ ಕೂಡಿಬರೆದ ಹಳೆಯ ಬರಹವನ್ನು ಓದಿ, ಪ್ರತಿಗೆ ಪ್ರತಿಯನ್ನು ಹೋಲಿಸಿ, ಅಂಕಿತಗಳನ್ನು ಗುರುತಿಸಿ, ಇದು ಇಂಥವರ ವಚನವೆಂದು ನಿರ್ಣಯಿಸುವದು ಎಷ್ಟು ತಾಳ್ಮೆಯ ಕೆಲಸವೆಂಬದನ್ನು ಬಲ್ಲವರೇ ಬಲ್ಲರು. ಅವರಿಗೂ ಹಿನ್ನಡೆಗಳು ತಪ್ಪಲಿಲ್ಲ. ಮೊದಲು ಕಳುಹಿದ ಹಸ್ತಪ್ರತಿಯು ಒಂದು ಮುದ್ರಣಾಲಯದಿಂದ ಅಚ್ಚಾಗದೆಯೇ ಮರಳಿ ಬಂದಿತು. ಅವರು ಎದೆಗುಂದದೆ 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚು ಹಾಕಿಸಿದರು. ಪರರ ಅಚ್ಚುಕೂಟವನ್ನು ನಂಬಿ ಈ ಕೆಲಸವು ಸಾಗದೆಂದು ಅರಿತು, ಮನೆ ಮಾರಿ ಬಂದ ಹಣದಿಂದ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. 1964ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ, ಹಿಂದೆ ಹೆಸರು ಸಹ ತಿಳಿಯದಿದ್ದ ಎಷ್ಟೋ ಶರಣ-ಶರಣೆಯರು ನಾಡಿನವರಿಗೆ ಪರಿಚಿತರಾಗಿದ್ದರು. ಮರಳಿ ಬಂದ ಹಸ್ತಪ್ರತಿಯು ಸ್ವಂತ ಅಚ್ಚುಕೂಟಕ್ಕೆ ಕಾರಣವಾಯಿತೆಂಬದನ್ನು ನಮ್ಮ ತರುಣರು ಮರೆಯಲಾಗದು.

ಅವರು ಒಬ್ಬಂಟಿಗರಾಗಿರಲಿಲ್ಲ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ಮಠಾಧಿಪತಿಗಳಾಗುವವರಿಗೆ ವಿದ್ಯೆಯ ವ್ಯವಸ್ಥೆ ಮಾಡಿದರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯು ಹುಟ್ಟಿ ಓದಬಲ್ಲವರನ್ನು ತಯಾರಿಸಹತ್ತಿತು. ಕ್ರೈಸ್ತರಾದ ಉತ್ತಂಗಿ ಚನ್ನಪ್ಪನವರು ಸಹ ಶರಣರ ಅನುಭವಮಂಟಪವನ್ನು ಕುರಿತು ಪರಿಶ್ರಮಪೂರ್ವಕವಾಗಿ ವಿವೇಚಿಸಿದರು. ಬಾಗಿಲು ತೆರೆದ ಮನೆಗೆ ಬೆಳಕು ಎಲ್ಲ ದಿಕ್ಕಿನಿಂದಲೂ ಬರುವದಷ್ಟೆ. ಕೊನೆಗೆ 1993ರಲ್ಲಿ ಕರ್ನಾಟಕ ಸರಕಾರದ ಮೂಲಕ ಸಮಗ್ರ ವಚನ ಸಂಪುಟಗಳು 15 ಭಾಗಗಳಲ್ಲಿ ಪ್ರಕಟವಾಗಿ, ಸುಮಾರು 20,000 ವಚನಗಳು ಬಡವನ ಕೈಗೂ ನಿಲುಕುವಂತಾದವು. ಇಂದು ಗಣಕಯಂತ್ರವುಳ್ಳವನು ಕುಳಿತಲ್ಲಿಯೇ ಅವನ್ನು ತೆರೆದು ಓದಬಹುದಾಗಿದೆ.

ಹಾಗಾದರೆ ಭಯವು ತೀರಿತೇ? ಇಲ್ಲವೆಂದೇ ಹೇಳಬೇಕಾಗಿದೆ. ಅಂದು ಓಲೆಕಟ್ಟನ್ನು ಬಿಚ್ಚದೆ ಪೂಜಿಸಿದಂತೆ ಇಂದು ಅಚ್ಚಾದ ಸಂಪುಟವನ್ನು ಕಪಾಟಿನಲ್ಲಿಟ್ಟು ನಮಿಸುವದು ನಡೆದಿದೆ. ಗೋಡೆಯ ಮೇಲೆ ಬರೆಯಿಸುವ, ವೇದಿಕೆಯ ಮೇಲೆ ನುಡಿಯುವ ನಾಲ್ಕಾರು ವಚನಗಳೇ ಬಳಕೆಯಲ್ಲಿ ಸವೆಯುತ್ತಿವೆ. ಉಳಿದವು ತೆರೆಯದ ಪುಟಗಳಲ್ಲಿ ಮಲಗಿವೆ. ಒಂದೇ ಮಹಾಮನೆಯಲ್ಲಿ ಉಂಡ ಶರಣರನ್ನು ಕುಲಕ್ಕೊಬ್ಬರಂತೆ ಪಾಲು ಹಾಕಿಕೊಳ್ಳುವ ಚಾಳಿಯೂ ಬೆಳೆದಿದೆ. ಇದು ಗೆದ್ದಲಿಗಿಂತ ಕೆಟ್ಟದ್ದು; ಗೆದ್ದಲು ಗರಿಯನ್ನು ತಿನ್ನುವದು, ಇದು ಅರ್ಥವನ್ನೇ ತಿನ್ನುವದು.

ಆದುದರಿಂದ ಶ್ರೀಮಠದ ಸದ್ಭಕ್ತರಲ್ಲಿ ಮೂರು ವಿಜ್ಞಾಪನೆಗಳನ್ನು ಮಾಡಿಕೊಳ್ಳುತ್ತೇನೆ. ಮನೆಯಲ್ಲಿ ಹಿರಿಯರ ಕಾಲದ ಓಲೆಕಟ್ಟುಗಳಾಗಲಿ ಕಾಗದದ ಹಳೆಯ ಪ್ರತಿಗಳಾಗಲಿ ಇದ್ದರೆ ಬಲ್ಲವರ ಕೈಯಿಂದ ಬಿಚ್ಚಿಸಿ ಅವುಗಳ ಛಾಯಾಪ್ರತಿಯನ್ನು ತೆಗೆಯಿಸಿರಿ. ಮೂಲವು ನಿಮ್ಮಲ್ಲಿಯೇ ಇರಲಿ. ಎರಡನೆಯದಾಗಿ, ಆ ಪ್ರತಿಯು ಒಂದೇ ಕಡೆಯಲ್ಲಿ ಉಳಿಯದಂತೆ ನಾಲ್ಕು ಮಠಗಳಿಗೆ, ನಾಲ್ಕು ಗ್ರಂಥಾಲಯಗಳಿಗೆ ಹಂಚಿರಿ. ಇದು ಕಲ್ಯಾಣವು ಕಲಿಸಿದ ಪಾಠ. ಮೂರನೆಯದಾಗಿ, ಪ್ರಸಾದನಿಲಯದ ಹುಡುಗ-ಹುಡುಗಿಯರು ವಾರಕ್ಕೊಂದು ಸಾಯಂಕಾಲ ಕೂಡಿ, ತಾವು ಹಿಂದೆ ಕೇಳದ ಒಂದು ವಚನವನ್ನು ಓದಿ ಅದರ ಅರ್ಥವನ್ನು ತಮ್ಮಲ್ಲಿಯೇ ವಿಚಾರಿಸಲಿ. ಇದು ಕತ್ತಲೆಯ ಕೋಣೆಯು ಕಲಿಸಿದ ಪಾಠ.

ಹಂಚಿದ್ದು ಉಳಿಯಿತು, ಮುಚ್ಚಿಟ್ಟದ್ದು ಅಳಿಯಿತು. ಎಂಟು ನೂರು ವರ್ಷಗಳಿಗೂ ಮಿಕ್ಕ ಈ ಚರಿತ್ರೆಯ ಸಾರವು ಇಷ್ಟೇ. ಮುಂದಿನ ಮಹೋತ್ಸವವನ್ನು ನೆರವೇರಿಸುವವರು ನಮ್ಮ ಕಾಲದ ಕಿರ್ದಿಯನ್ನು ತೆರೆದು ನೋಡಿದಾಗ, ನಾವು ಪೂರ್ವಿಕರ ಗಳಿಕೆಯನ್ನು ಉಂಡವರಷ್ಟೇ ಆಗಿರದೆ ಅವರ ನಷ್ಟದಿಂದ ಕಲಿತವರೂ ಆಗಿದ್ದೆವೆಂದು ಬರೆದುಕೊಳ್ಳುವಂತಾಗಲಿ. ಅಂಥ ಬುದ್ಧಿಯನ್ನೂ ಶಕ್ತಿಯನ್ನೂ ಪರಶಿವನು ಎಲ್ಲರಿಗೂ ದಯಪಾಲಿಸಲೆಂದು ಪ್ರಾರ್ಥಿಸಿ ಈ ಅಲ್ಪ ಲೇಖನವನ್ನು ಶ್ರೀಗುರುಚರಣಗಳಲ್ಲಿ ಅರ್ಪಿಸುತ್ತೇನೆ.