ಮೂತ್ರಪಿಂಡದ ಅಳತೆಯಲ್ಲಿ ವಿಕಿರಣಶೀಲ ಸೂಚಕಗಳು

ಮೂತ್ರಪಿಂಡಗಳು ಎರಡು, ಮೂತ್ರವು ಬಂದು ಸೇರುವ ಕೋಶ ಒಂದೇ. ಒಂದು ಪಿಂಡ ಸೊರಗಿದರೆ ಇನ್ನೊಂದು ಅದರ ಭಾರವನ್ನೂ ಹೊರುವುದರಿಂದ, ಮೂತ್ರಪರೀಕ್ಷೆಯಿಂದ ದೋಷ ಯಾವುದರದೆಂದು ತಿಳಿಯದು. 1930ರ ದಶಕದಲ್ಲಿ ಅಮೆರಿಕದ ಹೋಮರ್ ಸ್ಮಿತ್ ಮೊದಲಾದವರು ರೂಢಿಸಿದ ಇನ್ಯುಲಿನ್ ವಿಧಾನವು ನಿಷ್ಕೃಷ್ಟವಾದುದೇ. ಆದರೆ ಅದು ಕೊಡುವುದು ಎರಡರ ಒಟ್ಟು ಲೆಕ್ಕವನ್ನು. ಬೇರೆಬೇರೆಯಾಗಿ ಅಳೆಯಲು ಮೂತ್ರನಾಳಗಳೊಳಗೆ ಕೊಳವೆಯನ್ನು ತೂರಿಸಬೇಕಾಗಿತ್ತು. 1934ರಲ್ಲಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಧಮನಿಯನ್ನು ಬಿಗಿದು ರಕ್ತದ ಒತ್ತಡ ಏರುವುದನ್ನು ತೋರಿಸಿದ ಮೇಲೆ ಪ್ರಶ್ನೆ ತೀವ್ರವಾಯಿತು: ಶಸ್ತ್ರವೈದ್ಯನು ತೆಗೆಯಬೇಕಾದ ಪಿಂಡ ಯಾವುದು?

ಉತ್ತರದ ಬೀಜ ರಸಾಯನಶಾಸ್ತ್ರದಲ್ಲಿತ್ತು. ಹೆವೆಸಿಯು 1913ರಲ್ಲಿ ವಿಯೆನ್ನಾದಲ್ಲಿ ಪಾನೆತ್‌ನೊಡನೆ ಸೀಸದ ಲವಣಗಳ ಜಾಡನ್ನು ವಿಕಿರಣದ ಮೂಲಕ ಹಿಡಿದಿದ್ದನು. ಈ ತತ್ತ್ವವನ್ನು ಅನುಸರಿಸಿ ಟ್ಯಾಪ್ಲಿನ್ ಮತ್ತು ಸಂಗಡಿಗರು 1956ರಲ್ಲಿ ‘ರೀನೋಗ್ರಾಂ’ ವಿಧಾನವನ್ನು ಪ್ರಕಟಿಸಿದರು. ಅಯೊಡಿನ್-131 ಕೂಡಿದ ಡಯೋಡ್ರಾಸ್ಟನ್ನು ರಕ್ತಕ್ಕೆ ಸೇರಿಸಿ, ಬೆನ್ನಿನ ಇಕ್ಕೆಲದಲ್ಲಿಯೂ ಒಂದೊಂದು ವಿಕಿರಣಮಾಪಕವನ್ನಿಟ್ಟರೆ ಎರಡು ರೇಖೆಗಳು ಮೂಡುವುವು. ಆರೋಗ್ಯವಂತ ಪಿಂಡದ ರೇಖೆ ಬೇಗನೆ ಏರಿ ಇಳಿಯುವುದು. ದಾರಿ ಕಟ್ಟಿದಲ್ಲಿ ಇಳಿಯಲೊಲ್ಲದು.

ಆದರೆ ಡಯೋಡ್ರಾಸ್ಟನ್ನು ಯಕೃತ್ತೂ ಹೀರುತ್ತಿದ್ದುದರಿಂದ ಬಲಗಡೆಯ ರೇಖೆ ಕಲುಷಿತವಾಗುತ್ತಿತ್ತು. 1960ರಲ್ಲಿ ಬಂದ ಹಿಪ್ಪುರಾನ್ ಈ ದೋಷವನ್ನು ಬಹುಮಟ್ಟಿಗೆ ನೀಗಿತು. ಅಯೊಡಿನ್-131ರ ಅರ್ಧಾಯು ಎಂಟು ದಿನ. ಅದರ ಬೀಟಾ ಕಿರಣಗಳು ಪಿಂಡಕ್ಕೆ ಹಿತವಲ್ಲ. ಆರು ಗಂಟೆಗಳ ಅರ್ಧಾಯುವಿನ ಟೆಕ್ನೀಷಿಯಂ-99ಎಂ ಮುಂದೆ ಅದರ ಸ್ಥಾನವನ್ನು ಪಡೆದುದು ಸಹಜವೇ.

ಮಾಪಕ ಎಷ್ಟೇ ಸೂಕ್ಷ್ಮವಾಗಿರಲಿ, ಅಳತೆಯ ಸತ್ಯತೆ ನಿಂತಿರುವುದು ಸೂಚಕದ ನಿಷ್ಠೆಯ ಮೇಲೆ: ಅದು ಮೂತ್ರಪಿಂಡವೊಂದನ್ನೇ ಅರಸಿ ಹೋಗಬೇಕು, ಹೋದಲ್ಲಿ ಕೇಡು ಮಾಡದೆ ಹೊರಬರಬೇಕು.