ಹೊರಟವರು ಒಂಬತ್ತು ಮಂದಿ, ದಡ ಮುಟ್ಟಿದವರು ಒಬ್ಬರು

ಪಂದ್ಯ ಎಂದ ಕೂಡಲೇ ನಿಮ್ಮ ಕಣ್ಣಿಗೆ ಕಟ್ಟುವುದು ಒಂದು ಬಿಳಿಯ ಗೆರೆ, ಒಂದು ಸೀಟಿ, ಸುತ್ತಲೂ ಚಪ್ಪಾಳೆ ತಟ್ಟುವ ಜನ. ಆದರೆ ಹತ್ತು ತಿಂಗಳು ನಡೆಯುವ, ನೋಡುವವರೇ ಇಲ್ಲದ, ಎದುರಾಳಿ ಎಲ್ಲಿದ್ದಾನೆಂದು ಸ್ಪರ್ಧಿಗೇ ತಿಳಿಯದ ಪಂದ್ಯವೊಂದನ್ನು ಊಹಿಸಿಕೊಳ್ಳಿ. 1968ರಲ್ಲಿ ಇಂಗ್ಲೆಂಡಿನಲ್ಲಿ ಅಂಥದೊಂದು ಪಂದ್ಯ ಆರಂಭವಾಯಿತು. ಅದರ ಹೆಸರು ಗೋಲ್ಡನ್ ಗ್ಲೋಬ್. ಅದರ ಇತಿಹಾಸ ಓದಿದರೆ ಸಮುದ್ರದ ವಿಷಯ ಎಷ್ಟು ತಿಳಿಯುತ್ತದೆಯೋ ಮನುಷ್ಯನ ವಿಷಯವೂ ಅಷ್ಟೇ ತಿಳಿಯುತ್ತದೆ.

ಪಂದ್ಯ ಹುಟ್ಟಿದ ಬಗೆ

1966ರ ಆಗಸ್ಟ್‌ನಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಎಂಬ ಅರವತ್ತು ದಾಟಿದ ಆಂಗ್ಲ ನಾವಿಕರು 'ಜಿಪ್ಸಿ ಮಾತ್ 4' ಎಂಬ ಹಾಯಿದೋಣಿಯಲ್ಲಿ ಒಬ್ಬರೇ ಪ್ಲಿಮತ್ ಬಂದರಿನಿಂದ ಹೊರಟರು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಒಮ್ಮೆ ಮಾತ್ರ ತಂಗಿ, ಭೂಮಿಯನ್ನು ಸುತ್ತಿ, 1967ರ ಮೇ ತಿಂಗಳಲ್ಲಿ ಮರಳಿದರು. ಇಂಗ್ಲೆಂಡಿನ ರಾಣಿ ಅವರಿಗೆ 'ಸರ್' ಪದವಿ ಕೊಟ್ಟರು. ಹಾಗಾದರೆ ಉಳಿದದ್ದೇನು? ಎಲ್ಲಿಯೂ ನಿಲ್ಲದೆ, ಯಾರ ನೆರವೂ ಪಡೆಯದೆ, ಒಬ್ಬರೇ ಭೂಮಿಯನ್ನು ಸುತ್ತಿ ಬರುವುದು.

ಹಲವರು ಇದಕ್ಕೆ ಸಿದ್ಧರಾಗುತ್ತಿದ್ದುದನ್ನು ಕಂಡ 'ಸಂಡೇ ಟೈಮ್ಸ್' ಪತ್ರಿಕೆ 1968ರ ಮಾರ್ಚ್‌ನಲ್ಲಿ ಪಂದ್ಯವನ್ನು ಘೋಷಿಸಿತು. ಎಲ್ಲರಿಗಿಂತ ಮೊದಲು ಮರಳುವವರಿಗೆ ಚಿನ್ನದ ಗೋಳದ ಪಾರಿತೋಷಕ. ಎಲ್ಲರಿಗಿಂತ ಕಡಿಮೆ ದಿನಗಳಲ್ಲಿ ಸುತ್ತುವವರಿಗೆ 5,000 ಪೌಂಡ್. ಜೂನ್ 1ರಿಂದ ಅಕ್ಟೋಬರ್ 31ರೊಳಗೆ ಯಾವ ದಿನವಾದರೂ ಹೊರಡಬಹುದು. ಹೀಗೆ ಮೊದಲು ಬಂದವರು ಒಬ್ಬರು, ವೇಗವಾಗಿ ಬಂದವರು ಇನ್ನೊಬ್ಬರು ಆಗುವ ಸಾಧ್ಯತೆ ಇತ್ತು. ಈ ಅಂಶವನ್ನು ನೆನಪಿಟ್ಟುಕೊಳ್ಳಿ. ಮುಂದೆ ಒಂದು ದುರಂತಕ್ಕೆ ಇದೇ ಕಾರಣವಾಯಿತು.

ದಾರಿ ಎಂಥದು?

ಈಗ ಭೂಪಟವನ್ನು ಮುಂದಿಟ್ಟುಕೊಳ್ಳಿ. ಇಂಗ್ಲೆಂಡಿನಿಂದ ಅಟ್ಲಾಂಟಿಕ್ ಸಾಗರದಲ್ಲಿ ದಕ್ಷಿಣಕ್ಕೆ ಇಳಿಯಿರಿ. ಆಫ್ರಿಕಾದ ತುದಿಯ ಗುಡ್‌ಹೋಪ್ ಭೂಶಿರ, ಆಸ್ಟ್ರೇಲಿಯಾದ ಲ್ಯೂವಿನ್ ಭೂಶಿರ, ದಕ್ಷಿಣ ಅಮೆರಿಕದ ಹಾರ್ನ್ ಭೂಶಿರ, ಈ ಮೂರನ್ನೂ ಬಳಸಿ ಮತ್ತೆ ಮೇಲಕ್ಕೆ ಬನ್ನಿ. ಒಟ್ಟು ದೂರ ಸುಮಾರು 30,000 ನಾಟಿಕಲ್ ಮೈಲಿ.

ದಕ್ಷಿಣದ 40 ಡಿಗ್ರಿ ಅಕ್ಷಾಂಶದಿಂದ ಕೆಳಗೆ ಗಾಳಿಯನ್ನು ತಡೆಯುವ ನೆಲ ಹೆಚ್ಚಿಲ್ಲ. ಪಶ್ಚಿಮದಿಂದ ಬೀಸುವ ಗಾಳಿ ಸಾವಿರಾರು ಮೈಲಿ ನೀರನ್ನು ಉಜ್ಜುತ್ತಾ ಸಾಗುತ್ತದೆ. ಗಾಳಿ ಎಷ್ಟು ಜೋರಾಗಿದೆ, ಎಷ್ಟು ಹೊತ್ತು ಬೀಸಿತು, ಎಷ್ಟು ದೂರ ನೀರಿನ ಮೇಲೆ ಹಾದುಬಂತು, ಈ ಮೂರರಿಂದ ಅಲೆಯ ಎತ್ತರ ನಿರ್ಧಾರವಾಗುತ್ತದೆ. ಅಲ್ಲಿ ಮೂರೂ ಗರಿಷ್ಠ. ನಾವಿಕರು ಈ ವಲಯವನ್ನು 'ಘರ್ಜಿಸುವ ನಲವತ್ತು' ಎಂದು ಕರೆಯುವುದು ಬರಿಯ ಅಲಂಕಾರದ ಮಾತಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಿ. ನೀರನ್ನು ಸೀಳಿಕೊಂಡು ಹೋಗುವ ಸಾಮಾನ್ಯ ದೋಣಿಯ ವೇಗಕ್ಕೆ ಮಿತಿ ಉಂಟು. ದೋಣಿ ತಾನೇ ಎಬ್ಬಿಸಿದ ಅಲೆಯಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿ ಇದೆಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಈ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 28 ಅಡಿಯ ದೋಣಿಗೆ ಇದು ಸುಮಾರು 7 ನಾಟ್. ವೇಗ ಇಮ್ಮಡಿಯಾಗಬೇಕೆಂದರೆ ಉದ್ದ ನಾಲ್ಕು ಪಟ್ಟಾಗಬೇಕು! ಆದ್ದರಿಂದಲೇ ಕೆಲವರು ಹಗುರವಾದ ಮೂರು ಒಡಲಿನ ದೋಣಿಯನ್ನು, ಅಂದರೆ ಟ್ರೈಮಾರನ್ನನ್ನು ಆರಿಸಿಕೊಂಡರು. ಅದು ವೇಗವಾಗಿ ಓಡುತ್ತದೆ. ಆದರೆ ಒಂದೇ ಒಡಲಿನ ದೋಣಿಯ ತಳದಲ್ಲಿ ಭಾರವಾದ ಲೋಹವಿರುವುದರಿಂದ ಅದು ಅಡ್ಡಬಿದ್ದರೂ ತಂಜಾವೂರು ಗೊಂಬೆಯಂತೆ ಮತ್ತೆ ಎದ್ದು ನಿಲ್ಲುತ್ತದೆ. ಮಗುಚಿದ ಟ್ರೈಮಾರನ್ ಹಾಗೆಯೇ ಮಗುಚಿಕೊಂಡಿರುತ್ತದೆ. ವೇಗಕ್ಕೆ ತೆತ್ತ ಬೆಲೆ ಇದು.

ಮುಂಬಯಿಯ ತೇಗದ ದೋಣಿ

ಸ್ಪರ್ಧಿಗಳಲ್ಲಿ ಅತಿ ಚಿಕ್ಕ ದೋಣಿಗಳ ಸಾಲಿನಲ್ಲಿದ್ದದ್ದು 'ಸುಹೈಲಿ'. ಉದ್ದ 32 ಅಡಿ. ಅದರ ಒಡೆಯರು ವ್ಯಾಪಾರಿ ಹಡಗಿನ ಅಧಿಕಾರಿ ರಾಬಿನ್ ನಾಕ್ಸ್-ಜಾನ್‌ಸ್ಟನ್. ವಯಸ್ಸು 29. ಈ ದೋಣಿ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ. ಮಂಗಳೂರಿನ ಹಳೆಯ ಬಂದರಿನಲ್ಲಿ ಮರದ ಮಂಜಿಗಳನ್ನು ನೋಡಿದವರಿಗೆ ಇದರ ಗಟ್ಟಿತನ ಸುಲಭವಾಗಿ ಅರ್ಥವಾದೀತು. ಬಾಚಿ, ಕೈಬೈರಿಗೆ ಹಿಡಿದು ಭಾರತದ ಬಡಗಿಗಳು ತೇಗದ ಹಲಗೆಗಳಿಂದ ಅದನ್ನು ಕಟ್ಟಿದರು. ತೇಗದಲ್ಲಿರುವ ಎಣ್ಣೆಯ ಅಂಶದಿಂದ ಅದು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಸುಹೈಲಿ ವೇಗದ ದೋಣಿಯಲ್ಲ, ಬಾಳಿಕೆಯ ದೋಣಿ.

ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಂದು ಫಾಲ್ಮತ್ ಬಂದರಿನಿಂದ ಹೊರಟರು. ಕೆಲವೇ ವಾರಗಳಲ್ಲಿ ದೋಣಿಯ ತಳದ ಸಂದಿಗಳಲ್ಲಿ ನೀರು ಒಸರತೊಡಗಿತು. ಏನು ಮಾಡುವುದು? ನಡುಗಡಲಿನಲ್ಲಿ ದೋಣಿಯ ಕೆಳಗೆ ಮುಳುಗಿ, ಉಸಿರು ಕಟ್ಟಿ, ಸಂದಿಗಳಿಗೆ ಹತ್ತಿ ತುರುಕಿ, ಅದರ ಮೇಲೆ ಕ್ಯಾನ್ವಾಸ್ ಮತ್ತು ತಾಮ್ರದ ತಗಡನ್ನು ಹೊಡೆದರು. ನಡುವೆ ಶಾರ್ಕ್ ಮೀನೊಂದು ಸುತ್ತತೊಡಗಿದಾಗ ಮೇಲೆ ಬಂದು ಬಂದೂಕಿನಿಂದ ಅದನ್ನು ಕೊಂದು ಮತ್ತೆ ಕೆಲಸಕ್ಕೆ ಇಳಿದರು. ದಕ್ಷಿಣ ಸಾಗರದಲ್ಲಿ ಬಿರುಗಾಳಿಗೆ ದೋಣಿ ಅಡ್ಡಬಿತ್ತು. ಕುಡಿಯುವ ನೀರಿನ ತೊಟ್ಟಿ ಕೆಟ್ಟಿತು. ಹಾಯಿಯ ಮೇಲೆ ಬಿದ್ದ ಮಳೆನೀರನ್ನು ಹಿಡಿದು ಕುಡಿದರು. ತಾನಾಗಿ ದಿಕ್ಕು ಹಿಡಿಯುವ ಚುಕ್ಕಾಣಿ ಉಪಕರಣ ಮುರಿದುಹೋಯಿತು. ರೇಡಿಯೋದಿಂದ ಸಂದೇಶ ಕಳುಹಿಸಲಾಗಲಿಲ್ಲ. 1968ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್ ಬಳಿ ಕಂಡವರು ಮತ್ತೆ ಕಂಡದ್ದು 1969ರ ಏಪ್ರಿಲ್‌ನಲ್ಲಿ. ಅಷ್ಟು ತಿಂಗಳು ಅವರು ಬದುಕಿದ್ದಾರೋ ಇಲ್ಲವೋ ಮನೆಯವರಿಗೆ ತಿಳಿದಿರಲಿಲ್ಲ.

ಉಳಿದವರು

ಒಬ್ಬೊಬ್ಬರಾಗಿ ಪಂದ್ಯದಿಂದ ಹೊರಬಿದ್ದರು. ಜಾನ್ ರಿಜ್‌ವೇ ಬ್ರೆಜಿಲ್‌ನಲ್ಲಿ ನಿಂತರು. ಹಾಯಿದೋಣಿಯ ಅನುಭವವೇ ಇಲ್ಲದ ಚೇ ಬ್ಲೈತ್ ದಕ್ಷಿಣ ಆಫ್ರಿಕಾದವರೆಗೆ ಹೋದರು. ಲೊಯಿಕ್ ಫೂಜೆರಾನ್ ಮತ್ತು ಬಿಲ್ ಕಿಂಗ್ ಅವರ ದೋಣಿಗಳನ್ನು ಬಿರುಗಾಳಿ ಹಾಳುಮಾಡಿತು. ಅಲೆಕ್ಸ್ ಕರೋಜೊ ಹೊಟ್ಟೆಯ ಹುಣ್ಣಿನಿಂದ ನರಳಿ ಲಿಸ್ಬನ್ ಸೇರಿದರು.

ಫ್ರಾನ್ಸಿನ ಬರ್ನಾರ್ಡ್ ಮ್ವಾತೆಸಿಯೆ ಅವರ ಕಥೆ ಬೇರೆ. 'ಜೋಶುವಾ' ಎಂಬ ಉಕ್ಕಿನ ದೋಣಿಯಲ್ಲಿ ಅವರು 1969ರ ಫೆಬ್ರುವರಿಯಲ್ಲಿ ಹಾರ್ನ್ ಭೂಶಿರವನ್ನು ದಾಟಿದರು. ವೇಗದ ಬಹುಮಾನ ಅವರಿಗೇ ಎಂದು ಹಲವರು ಎಣಿಸಿದ್ದರು. ಆದರೆ ಅವರು ಉತ್ತರಕ್ಕೆ ತಿರುಗಲಿಲ್ಲ. ಮಾರ್ಚ್‌ನಲ್ಲಿ ಕೇಪ್‌ಟೌನ್ ಬಳಿ ಹಡಗೊಂದರ ಮೇಲಕ್ಕೆ ಕವಣೆಯಿಂದ ಸಂದೇಶವನ್ನು ಬೀರಿದರು. ಸಮುದ್ರದಲ್ಲಿ ತಾನು ಸಂತೋಷವಾಗಿದ್ದೇನೆ, ಆದ್ದರಿಂದ ಸಾಗುತ್ತಲೇ ಇರುತ್ತೇನೆ ಎಂಬುದು ಅದರ ಸಾರ. ಜೂನ್‌ನಲ್ಲಿ ಅವರು ಪೆಸಿಫಿಕ್ ಸಾಗರದ ತಹೀತಿ ದ್ವೀಪವನ್ನು ಸೇರಿದರು.

ಅಷ್ಟರಲ್ಲಿ, 1969ರ ಏಪ್ರಿಲ್ 22ರಂದು ಸುಹೈಲಿ ಫಾಲ್ಮತ್‌ಗೆ ಮರಳಿತು. 312 ದಿನ. ಸುಂಕದ ಅಧಿಕಾರಿಗಳು ದೋಣಿ ಹತ್ತಿ ವಾಡಿಕೆಯಂತೆ ಎಲ್ಲಿಂದ ಬಂದಿರಿ ಎಂದು ಕೇಳಿದಾಗ ನಾಕ್ಸ್-ಜಾನ್‌ಸ್ಟನ್ ಕೊಟ್ಟ ಉತ್ತರ: ಫಾಲ್ಮತ್‌ನಿಂದ! ಸರಾಸರಿ ವೇಗವನ್ನು ನೀವೇ ಲೆಕ್ಕ ಹಾಕಿ. ಗಂಟೆಗೆ ಸುಮಾರು 4 ನಾಟಿಕಲ್ ಮೈಲಿ, ಅಂದರೆ ಏಳೂವರೆ ಕಿಲೋಮೀಟರಿಗಿಂತ ಕಡಿಮೆ. ನೀವು ಸೈಕಲ್ ತುಳಿಯುವ ವೇಗ ಇದಕ್ಕಿಂತ ಹೆಚ್ಚು.

ಎರಡು ದಿನಚರಿಗಳು

ಈಗ ಈ ಇತಿಹಾಸದ ಅತಿ ನೋವಿನ ಭಾಗಕ್ಕೆ ಬರೋಣ. ಡೊನಾಲ್ಡ್ ಕ್ರೌಹರ್ಸ್ಟ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞರು, ನಾಲ್ಕು ಮಕ್ಕಳ ತಂದೆ. ಅವರ ಸಣ್ಣ ಉದ್ಯಮ ನಷ್ಟದಲ್ಲಿತ್ತು. ಪಂದ್ಯ ಗೆದ್ದರೆ ಉದ್ಯಮವೂ ಉಳಿಯುತ್ತದೆ ಎಂದು ಅವರು ಸಾಲ ತಂದು ಟ್ರೈಮಾರನ್ ಕಟ್ಟಿಸಿದರು. ಮಧ್ಯದಲ್ಲೇ ಬಿಟ್ಟು ಬಂದರೆ ದೋಣಿಯ ಹಣವನ್ನು ತಾವೇ ತೆರಬೇಕೆಂಬ ಕರಾರಿತ್ತು. ಕೊನೆಯ ದಿನವಾದ ಅಕ್ಟೋಬರ್ 31ರಂದು, ಕೆಲಸ ಇನ್ನೂ ಮುಗಿಯದ ದೋಣಿಯಲ್ಲಿ ಅವರು ಟೈನ್‌ಮತ್‌ನಿಂದ ಹೊರಟರು.

ಕೆಲವೇ ವಾರಗಳಲ್ಲಿ ದೋಣಿಯೊಳಕ್ಕೆ ನೀರು ನುಗ್ಗಿತು. ಮುಂದೆ ಹೋದರೆ ದಕ್ಷಿಣ ಸಾಗರದಲ್ಲಿ ಸಾವು, ಹಿಂದಿರುಗಿದರೆ ದಿವಾಳಿ. ಅವರು ಮೂರನೆಯ ದಾರಿ ಹಿಡಿದರು. ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತಾ, ಬಹುದೂರ ಸಾಗಿದಂತೆ ರೇಡಿಯೋದಲ್ಲಿ ಸುದ್ದಿ ಕಳುಹಿಸತೊಡಗಿದರು. ಡಿಸೆಂಬರ್‌ನಲ್ಲಿ ಒಂದೇ ದಿನ 243 ಮೈಲಿ ಸಾಗಿದೆನೆಂಬ ಸುದ್ದಿ ಪತ್ರಿಕೆಗಳಲ್ಲಿ ದಾಖಲೆಯೆಂದು ಮೆರೆಯಿತು.

ಆಗ ಉಪಗ್ರಹದಿಂದ ಸ್ಥಾನ ತಿಳಿಯುವ ಸೌಲಭ್ಯ ಇಂಥ ದೋಣಿಗಳಿಗೆ ಇರಲಿಲ್ಲ. ಸೆಕ್ಸ್ಟಂಟ್ ಎಂಬ ಉಪಕರಣದಿಂದ ಸೂರ್ಯನ ಎತ್ತರವನ್ನು ಅಳೆದು, ನಿಖರವಾದ ಗಡಿಯಾರ ನೋಡಿ, ಕೋಷ್ಟಕಗಳ ನೆರವಿನಿಂದ ಲೆಕ್ಕ ಮಾಡಬೇಕು. ಗಡಿಯಾರ 4 ಸೆಕೆಂಡು ತಪ್ಪಿದರೆ ಸಮಭಾಜಕದ ಬಳಿ ಲೆಕ್ಕ ಒಂದು ಮೈಲಿ ತಪ್ಪುತ್ತದೆ. ಸುಳ್ಳು ದಿನಚರಿ ಬರೆಯುವವನಿಗೆ ಈ ಲೆಕ್ಕವನ್ನು ತಲೆಕೆಳಗಾಗಿ ಮಾಡುವ ಕಷ್ಟ. ತಾನು ಇಲ್ಲದ ಜಾಗದಲ್ಲಿ, ಆ ದಿನ ಆ ಕ್ಷಣ, ಸೂರ್ಯ ಎಷ್ಟು ಎತ್ತರದಲ್ಲಿ ಕಾಣುತ್ತಿದ್ದ ಎಂದು ಕಂಡುಹಿಡಿಯಬೇಕು. ನಿಜವಾಗಿ ಅಳೆಯುವುದಕ್ಕಿಂತ ಇದು ಕಠಿಣ. ಪ್ರಯೋಗಾಲಯದಲ್ಲಿ ಉತ್ತರವನ್ನು ಮೊದಲೇ ಇಟ್ಟುಕೊಂಡು ಅದಕ್ಕೆ ಹೊಂದುವ ರೀಡಿಂಗ್‌ಗಳನ್ನು ಬರೆಯುವವರನ್ನು ನೀವು ನೋಡಿರಬಹುದು. ಅವರು ಮಾಡುವುದೂ ಇದನ್ನೇ.

ಕ್ರೌಹರ್ಸ್ಟ್ ಅವರ ಉಪಾಯ ಸರಳವಾಗಿತ್ತು: ಎಲ್ಲರ ಹಿಂದೆ, ನಿಧಾನವಾಗಿ ಮರಳುವುದು. ಸೋತವನ ದಿನಚರಿಯನ್ನು ಯಾರು ಪರೀಕ್ಷಿಸುತ್ತಾರೆ? ಆದರೆ ಅವರ ಮುಂದೆ ನೈಜೆಲ್ ಟೆಟ್ಲಿ ಎಂಬ ನೌಕಾಧಿಕಾರಿ ಭೂಮಿಯನ್ನು ನಿಜವಾಗಿಯೂ ಸುತ್ತಿ ಮರಳುತ್ತಿದ್ದರು. ಕ್ರೌಹರ್ಸ್ಟ್ ಬೆನ್ನಟ್ಟಿ ಬರುತ್ತಿದ್ದಾರೆಂಬ ಸುದ್ದಿಯನ್ನು ನಂಬಿ ಟೆಟ್ಲಿ ತಮ್ಮ ಜರ್ಝರಿತ ಟ್ರೈಮಾರನ್ನನ್ನು ಮಿತಿಮೀರಿ ಓಡಿಸಿದರು. 1969ರ ಮೇ 21ರಂದು ಅಜೋರ್ಸ್ ದ್ವೀಪಗಳ ಸಮೀಪ ಅದು ಒಡೆದು ಮುಳುಗಿತು. ಟೆಟ್ಲಿ ಬದುಕಿಕೊಂಡರು. ಇಲ್ಲದ ಎದುರಾಳಿಯೊಬ್ಬ ಇದ್ದ ದೋಣಿಯನ್ನು ಮುಳುಗಿಸಿದ್ದ.

ಈಗ ವೇಗದ ಬಹುಮಾನಕ್ಕೆ ಕ್ರೌಹರ್ಸ್ಟ್ ಅವರೇ ಹತ್ತಿರದವರು. ಊರಿನಲ್ಲಿ ಸ್ವಾಗತದ ಸಿದ್ಧತೆ ನಡೆದಿತ್ತು. ಗೆದ್ದವನ ದಿನಚರಿಯನ್ನು ತಜ್ಞರು ಸಾಲುಸಾಲಾಗಿ ನೋಡುವುದು ಖಂಡಿತ. ಅವರ ಬರವಣಿಗೆ ಜುಲೈ 1ಕ್ಕೆ ನಿಂತಿತು. ಜುಲೈ 10ರಂದು ಅಂಚೆ ಹಡಗೊಂದು ಅವರ ದೋಣಿಯನ್ನು ಕಂಡಿತು. ದೋಣಿಯಲ್ಲಿ ಯಾರೂ ಇರಲಿಲ್ಲ. ಅವರ ದಿನಚರಿಗಳು ಇದ್ದವು. ನಿಜದ ದಿನಚರಿಯನ್ನೂ ಅವರು ನಾಶಮಾಡದೆ ಅಲ್ಲಿಯೇ ಬಿಟ್ಟಿದ್ದರು.

ಬಿ.ಬಿ.ಸಿ. ಅವರ ಕೈಗೆ ಒಂದು ಫಿಲ್ಮ್ ಕ್ಯಾಮೆರಾ ಕೊಟ್ಟಿತ್ತು. ಅದರಲ್ಲಿ ಅವರು ಲವಲವಿಕೆಯಿಂದ ಮಾತನಾಡುತ್ತಾರೆ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನು ನಾವು ಟೆಲಿವಿಷನ್‌ನವರು ಆಗಾಗ ಆಡುತ್ತೇವೆ. ಆ ತುಣುಕುಗಳನ್ನು ನೆನೆದಾಗ ಹಾಗೆ ಹೇಳಲು ನನಗೆ ಧೈರ್ಯ ಬರುವುದಿಲ್ಲ. ದಾಖಲೆಯ ಸುದ್ದಿಗಾಗಿ ಕಾದು ಕುಳಿತ ಪತ್ರಿಕೆಗಳೂ ಓದುಗರೂ ಆ ಸುಳ್ಳು ಬೆಳೆಯಲು ನೆರವಾದರೆಂಬುದನ್ನು ಮರೆಯಬಾರದು.

5,000 ಪೌಂಡ್ ಬಹುಮಾನವೂ ನಾಕ್ಸ್-ಜಾನ್‌ಸ್ಟನ್ ಅವರಿಗೇ ಸಂದಿತು. ಅವರು ಅದನ್ನು ಕ್ರೌಹರ್ಸ್ಟ್ ಅವರ ಹೆಂಡತಿ ಮಕ್ಕಳ ನೆರವಿಗೆ ಕೊಟ್ಟರು. ಮೋಸ ಬಯಲಾದ ಮೇಲೂ ಕೊಟ್ಟದ್ದನ್ನು ಹಿಂದಕ್ಕೆ ಕೇಳಲಿಲ್ಲ.

ಆಮೇಲೆ ಬದಲಾದದ್ದು

1973ರಲ್ಲಿ ತಂಡಗಳ ಭೂಪ್ರದಕ್ಷಿಣೆಯ ವಿಟ್‌ಬ್ರೆಡ್ ಪಂದ್ಯ ಆರಂಭವಾಯಿತು. ಮೊದಲ ಪಂದ್ಯದಲ್ಲೇ ಮೂವರು ಸಮುದ್ರದ ಪಾಲಾದರು. 1979ರ ಆಗಸ್ಟ್‌ನ ಫಾಸ್ಟ್‌ನೆಟ್ ಪಂದ್ಯದಲ್ಲಿ 303 ದೋಣಿಗಳು ಬಿರುಗಾಳಿಗೆ ಸಿಕ್ಕಿ, 15 ಸ್ಪರ್ಧಿಗಳು ಸತ್ತರು. ಆ ಬಳಿಕ ದೋಣಿಯ ಸ್ಥಿರತೆ, ರೇಡಿಯೋ, ರಕ್ಷಣಾ ಸಾಮಗ್ರಿಗಳ ನಿಯಮ ಬಿಗಿಯಾಯಿತು. ಒಬ್ಬರೇ ನಿಲ್ಲದೆ ಸುತ್ತುವ ವೆಂಡೀ ಗ್ಲೋಬ್ ಪಂದ್ಯ 1989ರಲ್ಲಿ ಮೊದಲಾಯಿತು. 2025ರ ಜನವರಿಯಲ್ಲಿ ಅದನ್ನು ಗೆದ್ದ ಚಾರ್ಲಿ ದಾಲಿನ್ ತೆಗೆದುಕೊಂಡದ್ದು 65 ದಿನಗಳಿಗಿಂತ ಕಡಿಮೆ.

ಹಳೆಯ ಪಂದ್ಯದ ಐವತ್ತನೆಯ ವರ್ಷದ ನೆನಪಿಗೆ 2018ರಲ್ಲಿ ಗೋಲ್ಡನ್ ಗ್ಲೋಬ್ ಮತ್ತೆ ನಡೆಯಿತು. ಸ್ಪರ್ಧಿಗಳು ಸೆಕ್ಸ್ಟಂಟ್ ಹಿಡಿದೇ ದಾರಿ ಹುಡುಕಬೇಕೆಂಬುದು ನಿಯಮ. ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ, ಸುಹೈಲಿಯ ಮಾದರಿಯಲ್ಲೇ ಗೋವಾದಲ್ಲಿ ಕಟ್ಟಿದ 'ತುರಿಯಾ' ದೋಣಿಯಲ್ಲಿ ಹೊರಟರು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಹಾಯಿಮರಗಳು ಮುರಿದು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಕದಲಲಾಗದೆ ಮಲಗಿದ್ದಲ್ಲಿಂದಲೇ ಅವರು ಸಂದೇಶ ಕಳುಹಿಸಿದರು. ನೌಕಾಪಡೆಯ ವಿಮಾನ ದೋಣಿಯನ್ನು ಪತ್ತೆಹಚ್ಚಿತು. ಮೂರನೆಯ ದಿನ ಫ್ರೆಂಚ್ ಹಡಗೊಂದು ಅವರನ್ನು ಎತ್ತಿಕೊಂಡಿತು. ನಾಲ್ಕು ವರ್ಷಗಳ ನಂತರ ಅವರು ಅದೇ ಪಂದ್ಯಕ್ಕೆ ಮತ್ತೆ ಇಳಿದು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಮೊದಲನೆಯವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್ಶೇಫರ್ ಎಂಬ ಮಹಿಳೆ. ದಾರಿಯಲ್ಲಿ ದೋಣಿ ಮುಳುಗಿದ ಸಹಸ್ಪರ್ಧಿಯೊಬ್ಬರನ್ನು ರಕ್ಷಿಸಿ, ಆಮೇಲೆ ಗೆದ್ದವರು ಅವರು.

ಇಂದು ಪ್ರತಿ ದೋಣಿಯ ಸ್ಥಾನವೂ ಉಪಗ್ರಹದ ಕಣ್ಣಿಗೆ ಬೀಳುತ್ತದೆ. ಕ್ರೌಹರ್ಸ್ಟ್ ಅವರಂತೆ ಸುಳ್ಳು ಸ್ಥಾನ ಹೇಳಲು ಈಗ ಸಾಧ್ಯವಿಲ್ಲ. ಅಭಿಲಾಷ್ ಅವರ ಜೀವ ಉಳಿದದ್ದೂ ಹೀಗೆ ಸ್ಥಾನ ತಿಳಿದುದರಿಂದಲೇ. ಆದರೆ ಸೋಲುತ್ತಿದ್ದೇನೆ, ಹಿಂದಿರುಗುತ್ತೇನೆ ಎಂದು ಒಬ್ಬ ಮನುಷ್ಯ ನಾಚಿಕೆಯಿಲ್ಲದೆ ಹೇಳಬಹುದಾದ ವಾತಾವರಣವನ್ನು ಯಾವ ಉಪಗ್ರಹವೂ ಕೊಡಲಾರದು. ಅದನ್ನು ದಡದಲ್ಲಿರುವವರು ಕೊಡಬೇಕು. ನಿಮ್ಮ ತರಗತಿಯಲ್ಲಿ, ನಿಮ್ಮ ಮನೆಯಲ್ಲಿ ಅದು ಇದೆಯೇ? ಒಮ್ಮೆ ಯೋಚಿಸಿ ನೋಡಿ.