ಬುಳೆಕಾಣಿಕೆಯ ಸೌತೆ ಹಿತ್ತಿಲಿಗೆ ಬಂದ ಕಥೆ

ಮೊದಲೇ ಹೇಳಿಬಿಡುತ್ತೇವೆ, ಇದು ಉಪ್ಪು ಖಾರ ಹಚ್ಚಿ ಹಸಿಯಾಗಿ ತಿನ್ನುವ ಮುಳ್ಳುಸೌತೆಯ ಕಥೆಯಲ್ಲ. ಹುಳಿಗೆ, ಕೊದ್ದೆಲಿಗೆ ಹಾಕುವ ಮಂಗಳೂರು ಸೌತೆಯದ್ದು. ತುಳುವಿನಲ್ಲಿ ತೌತೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಕರಬೂಜದ ಜಾತಿ, ಮುಳ್ಳುಸೌತೆಗೆ ದೂರದ ನೆಂಟ ಅಷ್ಟೆ.

ವಾಮಂಜೂರು ಇವತ್ತು ಮಂಗಳೂರು ಮಹಾನಗರ ಪಾಲಿಕೆಯೊಳಗಿನ ಊರು. ಹೆದ್ದಾರಿ, ಎಂಜಿನಿಯರಿಂಗ್ ಕಾಲೇಜು, ಪಕ್ಕದಲ್ಲೇ ಪಿಲಿಕುಳ. ತುಳುನಾಡಿನ ಬೇರೆ ಊರುಗಳಂತೆ ಇಲ್ಲಿಯೂ ಒಂದು ಕಾಲಕ್ಕೆ ವರ್ಷ ಕಳೆಯುತ್ತಿದ್ದುದು ಭತ್ತದ ಲೆಕ್ಕದಲ್ಲಿ. ಮಳೆಗಾಲಕ್ಕೆ ಏಣೆಲು, ಆಮೇಲೆ ಸುಗ್ಗಿ, ನೀರು ಧಾರಾಳವಿದ್ದ ಬೈಲಿನಲ್ಲಿ ಮಾತ್ರ ಬೇಸಗೆಯ ಕೊಳಕೆ. ಕೊಳಕೆಗೆ ನೀರು ಸಾಲದ ಗದ್ದೆ ಸುಗ್ಗಿ ಕೊಯ್ಲಾದ ಮೇಲೆ ಖಾಲಿ. ಸೌತೆ ಬೆಳೆದದ್ದು ಆ ಖಾಲಿ ಗದ್ದೆಯಲ್ಲಿ. ಸಾಲು ತೆಗೆದು, ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಬೀಜ ಊರುವುದು. ಬೆಳಿಗ್ಗೆ, ಸಂಜೆ ಗದ್ದೆಯ ಗುಂಡಿಯಿಂದ ಕೊಡಪಾನದಲ್ಲಿ ನೀರು. ಹೊತ್ತವರು ಹೆಚ್ಚಾಗಿ ಹೆಂಗಸರು, ಮಕ್ಕಳು.

ಎಪ್ರಿಲ್ ನಡುವೆ ಬಿಸು. ಕಣಿ ಇಡಲು ಸೌತೆ ಬೇಕು. ಇನ್ನೊಂದು ಕಡೆಗೂ ಬೇಕಿತ್ತು. ಗೇಣಿ ಒಕ್ಕಲು ಬೆಳೆದ ತರಕಾರಿಯನ್ನು ಧಣಿಯ ಮನೆಗೆ ಬುಳೆಕಾಣಿಕೆಯಾಗಿ ಒಯ್ಯುತ್ತಿದ್ದ. ಅಕ್ಕಿಮುಡಿಯ ಗೇಣಿ ಬೇರೆಯೇ. ಇದನ್ನು ಪ್ರೀತಿಯ ಸಂಪ್ರದಾಯ ಎಂದು ಬರೆಯುವವರಿದ್ದಾರೆ. ನಮಗೆ ಹಾಗೆ ಬರೆಯಲು ಕೈ ಬರುವುದಿಲ್ಲ. ಮುಂದಿನ ವರ್ಷ ಗದ್ದೆ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದವನ ಕಾಣಿಕೆ ಅದು.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಯಾಯಿತು. ಒಕ್ಕಲುಗಳು ಡಿಕ್ಲರೇಶನ್ ಹಾಕಿ, ಟ್ರಿಬ್ಯೂನಲ್ ಮುಂದೆ ನಿಂತು ಗದ್ದೆಗೆ ಹಕ್ಕು ಪಡೆದರು. ಒಳ್ಳೆಯ ಕಾಯಿಯೂ ಈಗ ಬೆಳೆದವರ ಮನೆಯಲ್ಲೇ ಉಳಿಯಿತು. ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊರಗೆ ಆಟಿಯ ಜಡಿಮಳೆ, ಪದಾರ್ಥಕ್ಕೆ ಏನೂ ಇಲ್ಲ, ತಲೆಯೆತ್ತಿದರೆ ಸೌತೆ!

ಹಾಗೆ ಸಿಕ್ಕ ಗದ್ದೆಗಳೂ ಬಹಳ ಕಾಲ ಗದ್ದೆಯಾಗಿ ಉಳಿಯಲಿಲ್ಲ. ಅಡಿಕೆ, ತೆಂಗು, ಆಮೇಲೆ ಸೈಟು. 2019ರ ಆಗಸ್ಟ್ ಮಳೆಗೆ ಪಕ್ಕದ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ತೋಟಗಳ ಮೇಲೆ ಕೂತದ್ದನ್ನು ನೀವೂ ನೋಡಿದ್ದೀರಿ. ಸೌತೆಗೆ ಉಳಿದದ್ದು ಹಿತ್ತಿಲು, ಇಲ್ಲವೇ ತಾರಸಿಯ ಮಣ್ಣುಚೀಲ.

ಜಾಗದ ಜತೆ ಬೀಜವೂ ಬದಲಾಯಿತು. ಹಿಂದೆ ಬಲಿತ ಕಾಯಿಯ ಬೀಜ ತೊಳೆದು, ಬೂದಿ ಬೆರೆಸಿ ಒಣಗಿಸಿ ಇಡುತ್ತಿದ್ದರು. ಈಗ ಪ್ಯಾಕೆಟು. ಅದು ಹೈಬ್ರಿಡ್ ಆದರೆ ಅದರ ಕಾಯಿಯ ಬೀಜ ತಾಯಿಯ ಹಾಗೆ ಬರುವುದಿಲ್ಲ, ಪ್ರತಿ ವರ್ಷ ಕೊಳ್ಳಬೇಕು. ಮನೆಬೀಜ ಇನ್ನೂ ಇದ್ದವರು ಬಳ್ಳಿಯ ಹತ್ತಿರ ಇಬ್ಬುಡ್ಲು, ಕರಬೂಜ ಹಾಕಬೇಡಿ. ಎಲ್ಲವೂ ಒಂದೇ ಜಾತಿ, ಜೇನುನೊಣ ಪರಾಗ ಬೆರೆಸಿಬಿಡುತ್ತದೆ. ಮುಂದಿನ ವರ್ಷ ಬರುವುದು ಯಾವ ಕಾಯಿಯೋ. ಮುಳ್ಳುಸೌತೆ ಪಕ್ಕದಲ್ಲಿದ್ದರೆ ತೊಂದರೆಯಿಲ್ಲ, ಅದರ ಜತೆ ಬೆರೆಯುವುದಿಲ್ಲ.

ಜಂತಿಯಲ್ಲಿ ಹಳೆಯ ತಳಿಯ ಕಾಯಿ ಇದ್ದರೆ, ಹುಳಿಗೆ ಹೆಚ್ಚುವಾಗ ತಿರುಳು ಎಸೆಯುವ ಮೊದಲು ಒಂದು ಹಿಡಿ ಬೀಜ ತೆಗೆದಿಡಿ. ಜನವರಿಯಲ್ಲಿ ಊರಿದರೆ ಬಿಸುವಿಗೆ ಕಾಯಿ ಸಿಗುತ್ತದೆ.